ಹೊತ್ತು ಮುಳುಗುವುದರೊಳಗೆ ಮುಗಿಯಬೇಕಿದ್ದ ಬಾಟಲಿ

ಮೊನ್ನೆ ಟ್ರಂಕಿನ ಅಡಿಯಲ್ಲಿ ಒಂದು ಬಿಳಿ ಬಟ್ಟೆ ಸಿಕ್ಕಿತು. ಎರಡು ಪದರಾಗಿ ಮಡಿಸಿ ನಾಲ್ಕೂ ಅಂಚು ಹೊಲಿದದ್ದು, ಒಂದು ಮೊಳ ಚೌಕ. ನಾನೇ ನೇಯ್ದದ್ದು, ಕೈಮಗ್ಗ ಇನ್ನೂ ಮನೆಯಲ್ಲಿದ್ದಾಗ. ಬಿಡಿಸಿದ ಕೂಡಲೇ ಲವಂಗದ ವಾಸನೆ ಬಂತು.

ಬರಬಾರದಿತ್ತು. ಆ ಬಟ್ಟೆ ನನ್ನ ಕೈಗೆ ಬಂದು ಏಳೆಂಟು ವರ್ಷವಾಗಿದೆ. ಕೊಡುವ ಮೊದಲು ಒಗೆದು ಒಣಗಿಸಿ ಕೊಟ್ಟಿದ್ದರು. ಲವಂಗ ಎಷ್ಟು ಕಾಲ ನೂಲಿನಲ್ಲಿ ಉಳಿಯುತ್ತದೆಯೋ ನನಗೆ ಗೊತ್ತಿಲ್ಲ, ಆದರೆ ಅಷ್ಟು ಕಾಲ ಉಳಿಯಲಾರದು. ಬರೆಯುವ ಮುಂಚೆ ಇದನ್ನು ಹೇಳಿಬಿಡಬೇಕು. ಮುಂದೆ ಹೇಳುವುದರಲ್ಲೂ ಎಷ್ಟು ಆಗಿದ್ದು, ಎಷ್ಟು ನನಗೆ ಬೇಕಾಗಿ ಉಳಿದದ್ದು, ಬೇರೆ ಮಾಡಿ ತೋರಿಸಲು ನನ್ನಿಂದ ಆಗುವುದಿಲ್ಲ...

ಅದು ಅಕ್ಕೋರ ನೀರು ಸೋಸುವ ಬಟ್ಟೆ. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಬನಹಟ್ಟಿಯ ಕನ್ನಡ ಸಾಲೆಯಲ್ಲಿ ನಮಗೆ ಲೆಕ್ಕ ಕಲಿಸಿದವರು ಅವರು. ತೇರದಾಳದ ಕಡೆಯ ಜೈನರ ಮನೆತನ. ಮದುವೆಯಾಗಲಿಲ್ಲ. ವಿಧವೆಯಾದ ತಂಗಿಯನ್ನು ಕರೆದುಕೊಂಡು ನಮ್ಮ ಓಣಿಯಲ್ಲೇ, ನಮ್ಮ ಮಗ್ಗದ ಮನೆಯ ಎದುರಿಗೇ ಇದ್ದರು. ಆ ತಂಗಿಯನ್ನು ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದೆವು. ನೀರು ಕಾಯಿಸಿ, ಎರಡು ಲವಂಗ ಹಾಕಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿಯೇ ಅಕ್ಕ ತಂಗಿ ಕುಡಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅದೂ ಇಲ್ಲ. ಅನ್ನವಿಲ್ಲ, ಹಣ್ಣಿಲ್ಲ, ಹನಿ ನೀರಿಲ್ಲ. ಬೇಸಿಗೆಯ ಸಂಜೆ ನಮ್ಮ ಮನೆಗೆ ಬಂದರೆ ನನ್ನ ಹೆಂಡತಿ ಗಡಿಯಾರ ನೋಡಿ ಆಮೇಲೆ ನೀರಿನ ತಂಬಿಗೆ ಮುಟ್ಟುತ್ತಿದ್ದಳು.

ನೇಕಾರರ ಮಕ್ಕಳಿಗೆ ಅವರು ನೂಲಿನಿಂದ ಲೆಕ್ಕ ಕಲಿಸಿದರು. ಮನೆಯಲ್ಲಿ ಬಿದ್ದ ತುಂಡು ನೂಲು ತರಬೇಕು. ಹತ್ತು ಎಳೆಗೆ ಒಂದು ಗಂಟು, ಹತ್ತು ಗಂಟಿಗೆ ಒಂದು ಕಟ್ಟು. ಇವತ್ತಿಗೂ ನಾನು ಏನನ್ನೇ ಎಣಿಸಲಿ, ಹತ್ತಕ್ಕೊಮ್ಮೆ ಬೆರಳು ತಾನೇ ಗಂಟು ಹಾಕುವಂತೆ ಮಡಚಿಕೊಳ್ಳುತ್ತದೆ.

ಒಂದು ಸಂಗತಿಯಂತೂ ಆದದ್ದೇ ಎಂದು ನಂಬಿದ್ದೇನೆ. ಮನೆಯಿಂದ ಮಗ್ಗದ ಲಾಳಿ ಕದ್ದು ತಂದು ಸಾಲೆಯಲ್ಲಿ ಎಸೆದಾಡುತ್ತಿದ್ದೆ. ಅದು ಹೆಡ್ ಮಾಸ್ತರರ ಗಡಿಯಾರಕ್ಕೆ ಬಡಿಯಿತು, ಗಾಜು ಪುಡಿಯಾಯಿತು. ಯಾರು ಮಾಡಿದ್ದು ಎಂದು ಕೇಳಿದಾಗ ಇಡೀ ತರಗತಿ ಸುಮ್ಮನೆ ಕೂತಿತ್ತು. ಅಕ್ಕೋರು ನನ್ನ ಕಡೆ ಕೈ ಮಾಡಿ, "ಇಂವ ಒಗದಾನ್ರಿ, ನಾ ನೋಡೇನಿ" ಎಂದರು. ಬಿಸಿಲಲ್ಲಿ ನಿಲ್ಲುವ ಶಿಕ್ಷೆಯಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ನೆರಳು ಬಿತ್ತು. ಅಕ್ಕೋರು ಸೀರೆಯ ಸೆರಗು ತಲೆಗೆ ಹೊದ್ದು ಬಂದು ನನ್ನ ಬಾಜೂ ನಿಂತಿದ್ದರು. "ನನ್ನ ತಾಸಿನ್ಯಾಗ ಆಗಿದ್ದು. ನಂದೂ ತಪ್ಪು ಐತಿ. ನಿಂದರು ಸುಮ್ನ." ಗಂಟೆ ಹೊಡೆಯುವವರೆಗೆ ಇಬ್ಬರೂ ನಿಂತೆವು. ಅವರು ಸುಳ್ಳು ಹೇಳಿದ್ದನ್ನು ಓಣಿಯಲ್ಲಿ ಯಾರೂ ಕೇಳಿದವರಿಲ್ಲ. ಇಂಥವರ ಎದುರು ಮನೆಯಲ್ಲಿ ಇರುವುದು ಅಷ್ಟೇನೂ ಸುಖವಲ್ಲ, ಅದೂ ನಿಜ.

ನಾನು ಬೆಳೆದು, ಅಪ್ಪನ ಕೈಮಗ್ಗದ ಜೊತೆಗೆ ಎರಡು ಪಾವರ್‌ಲೂಮ್ ಹಾಕಿದೆ. ಅವರು ನಿವೃತ್ತರಾದರು. ದಿನಾ ಬೆಳಿಗ್ಗೆ ಬಸದಿಯಿಂದ ಬರುವಾಗ ನಮ್ಮ ಬಾಗಿಲಲ್ಲಿ ನಿಂತು ಏನಾದರೊಂದು ಚುಚ್ಚಿಯೇ ಹೋಗುತ್ತಿದ್ದರು. "ನಿನ್ನ ಮಗ್ಗಕ್ಕಿಂತ ನಿನ್ನ ಬಾಯಿ ಸಪ್ಪಳ ಭಾಳ ಆತಲೋ ತಮ್ಮಾ." ಆ ವರ್ಷ ಚಾತುರ್ಮಾಸಕ್ಕೆ ಅವರು ಉಪ್ಪು ಬಿಡುವ ನೇಮ ಹಿಡಿದರು. ನಾಲ್ಕು ತಿಂಗಳು ಉಪ್ಪಿಲ್ಲದ ಊಟ. ಹಿಂದೆಯೂ ಒಮ್ಮೆ ತುಪ್ಪ ಬಿಟ್ಟಿದ್ದರು, ಒಮ್ಮೆ ಬೆಲ್ಲ ಬಿಟ್ಟಿದ್ದರು. ನಾನು ಕೇಳಿದೆ, "ಸಪ್ಪನ್ನ ಪಲ್ಯ ಹೆಂಗ ಇಳೀತೈತ್ರಿ ಅಕ್ಕೋರ?"

"ನಿನ್ನ ಪರೀಕ್ಷಾ ಪೇಪರ ತಿದ್ದಿದಾಕಿ ಅದೇನಿ. ಇದೇನ ಮಹಾ ಸಪ್ಪಂದು?"

ಓಣಿಯೆಲ್ಲ ನಕ್ಕಿತು. ನಗುವಾಗ ನಮಗೆ ಗೊತ್ತಿರದಿದ್ದ ಸಂಗತಿ ಒಂದಿತ್ತು. ಅವರು ಬಿ.ಪಿ.ಗೆ ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಮೂತ್ರದ ಜೊತೆ ಮೈಯ ಉಪ್ಪನ್ನೂ ಹೊರಗೆ ಹಾಕುವ ಗುಳಿಗೆ. ಗುಳಿಗೆ ಬರೆದುಕೊಟ್ಟವರಿಗೆ ನೇಮದ ವಿಷಯ ಗೊತ್ತಿರಲಿಲ್ಲ. ಬಸದಿಯಲ್ಲಿ ನೇಮ ಕೊಟ್ಟ ಮುನಿಗಳಿಗೆ ಗುಳಿಗೆಯ ವಿಷಯ ಗೊತ್ತಿರಲಿಲ್ಲ. ಬೇನೆ ಇದ್ದವರಿಗೆ ನೇಮದಲ್ಲಿ ಸಡಿಲಿಕೆ ಇದೆಯಂತೆ, ಇವರು ಕೇಳಲಿಲ್ಲ. ಕಾಲು ಸೆಳೆತ, ಬಾಯಿ ಒಣಗುತ್ತದೆ ಎಂದಾಗ ನಾನೇ ಹೇಳಿದ್ದೆ, ನೀವು ನೀರು ಕಡಿಮೆ ಕುಡಿಯುತ್ತೀರಿ, ದಿನಕ್ಕೆ ಎರಡು ತಂಬಿಗೆ ಹೆಚ್ಚು ಕುಡಿಯಿರಿ ಎಂದು. ಅವರು ಕುಡಿದರು. ನಾನು ನೇಯ್ದ ಬಟ್ಟೆಯಲ್ಲಿ ಸೋಸಿ, ಸಂಜೆಯೊಳಗೆ, ಲೆಕ್ಕ ತಪ್ಪದೆ.

ಮೊದಲು ಊಟ ಸೇರದಾಯಿತು. ಆಮೇಲೆ ಮಾತು ಮರೆಯತೊಡಗಿದರು. ಒಂದು ದಿನ ನನ್ನನ್ನು ನನ್ನ ಅಪ್ಪನ ಹೆಸರಿನಿಂದ ಕರೆದರು. ವಯಸ್ಸಾಯಿತು ಎಂದುಕೊಂಡೆವು. ದೀಪಾವಳಿಗೆ, ಅಂದರೆ ನೇಮ ಮುಗಿಯುವುದಕ್ಕೆ, ಇನ್ನು ಆರೇ ದಿನ ಇದ್ದಾಗ ಬೆಳಿಗ್ಗೆ ಚಿಗವ್ವ ಓಡಿಬಂದರು. "ಅಕ್ಕ ಹಲ್ಲ ಕಡದ ಬಿದ್ದಾಳೋ, ಲಗೂನ ಬಾ." ಮೈಗೆಲ್ಲ ಸೆಳೆತ ಬಂದಿತ್ತು, ಕಣ್ಣು ಮೇಲಾಗಿತ್ತು. ಗಾಡಿ ಮಾಡಿಕೊಂಡು ಜಮಖಂಡಿಗೆ ಹೊರಟೆವು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಮುಂದೆ ಬಿಡಲೊಲ್ಲದು. ಅಕ್ಕೋರ ತಲೆ ನನ್ನ ತೊಡೆಯ ಮೇಲಿತ್ತು. ಅವರನ್ನು ನಾನು ಮುಟ್ಟಿದ್ದು ಅದೇ ಮೊದಲು.

ಸಣ್ಣ ದವಾಖಾನೆ, ಸಣ್ಣ ವಯಸ್ಸಿನ ಡಾಕ್ಟರು. ರಕ್ತ ಪರೀಕ್ಷೆ ನೋಡಿ ಅವರು ಎರಡನೇ ಸಲ ಮಾಡಿಸಿದರು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ನೂರ ಮೂವತ್ತೈದರ ಮೇಲೆ ಇರಬೇಕಾದದ್ದು ನೂರ ನಾಲ್ಕಕ್ಕೆ ಇಳಿದಿತ್ತು. ಸೆಳೆತ ನಿಲ್ಲಿಸಲು ಒಂದು ಸಣ್ಣ ಬಾಟಲಿ ಗಟ್ಟಿ ಉಪ್ಪುನೀರನ್ನು ಬೇಗ ಬೇಗ ಬಿಟ್ಟರು. ಸೆಳೆತ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟರು. ಆಮೇಲೆ ದೊಡ್ಡ ಬಾಟಲಿ ಹಚ್ಚಿ, ಪ್ಲಾಸ್ಟಿಕ್ ನಳಿಗೆಯ ಮೇಲಿನ ಪುಟ್ಟ ಗಾಲಿಯನ್ನು ತಿರುವಿ, ಹನಿ ಬೀಳುವುದನ್ನು ಡಾಕ್ಟರೇ ಗಡಿಯಾರ ಹಿಡಿದು ಎಣಿಸಿದರು.

"ಇದು ನಾಳಿ ಮುಂಜಾನಿ ತನಕ ಬರಬೇಕ್ರಿ. ದಿನಕ್ಕ ಆರು, ಭಾಳ ಅಂದ್ರ ಎಂಟು ಪಾಯಿಂಟ್ ಏರಬೇಕು. ಗಡಿಬಿಡಿ ಮಾಡಿದ್ರ ಮೆದುಳಿಗೆ ಧಕ್ಕಿ ಆಗ್ತೈತಿ."

ಚಿಗವ್ವನಿಗೆ ಬೇರೆ ಚಿಂತೆ. ಉಪ್ಪುನೀರು ಎಂದ ಮೇಲೆ ಅಕ್ಕನ ನೇಮ ಏನಾಯಿತು? ಕೊನೆಗೆ ಅವರೇ ತೀರ್ಮಾನ ಕೊಟ್ಟರು. "ಬಾಯಿಲೆ ಹೋಗಿದ್ದಲ್ಲ. ಮುರದಂಗ ಆಗಂಗಿಲ್ಲ." ಆಮೇಲೆ ಅಕ್ಕೋರಿಗೆ ಬಟ್ಟೆ ತರಲು ಊರಿಗೆ ಹೋದರು. ಕೋಣೆಯಲ್ಲಿ ನಾನೊಬ್ಬನೇ ಉಳಿದೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೆನೆದಿದ್ದೇನೆ ಎಂದರೆ, ನಡೆದದ್ದು ಸವೆದು ಹೋಗಿ ನೆನೆದದ್ದಷ್ಟೇ ಉಳಿದಿದೆ. ನೆನಪಿನಲ್ಲಿ ಕಿಟಕಿಯಿಂದ ಕೆಂಪು ಬಿಸಿಲು ಬಿದ್ದಿದೆ. ಅಕ್ಕೋರ ಬಿಳಿ ಸೀರೆಯ ಮೇಲೆ, ಬಾಟಲಿಯ ಮೇಲೆ. ಅವರು ಕಿಟಕಿಯ ಕಡೆ ನೋಡುತ್ತಾರೆ. ನಾಲಿಗೆ ಇನ್ನೂ ದಪ್ಪ. ಆದರೂ ಮಾತು ಕೇಳಿಸುತ್ತದೆ.

"ತಮ್ಮಾ, ಹೊತ್ತ ಮುಳಗಾಕತ್ತೈತಿ. ಇದನ್ನ ಮುಗಸಿಬಿಡು. ಹೊತ್ತ ಮುಳಗಿದ ಮ್ಯಾಲ ನನ್ನ ಮೈಯಾಗ ಏನೂ ಹೋಗಬಾರದು."

ನಾನು ಗಾಲಿ ತಿರುವಿದೆ. ಇದರಲ್ಲಿ ಸಂಶಯವಿಲ್ಲ. ಹೆಬ್ಬೆರಳಿಗೆ ಗೊತ್ತಿದೆ. ಮಗ್ಗದ ಹಾಸು, ಅಂದರೆ ಉದ್ದೆಳೆಗಳು, ಬಿಗಿಯಾದಾಗ ಚಕ್ರದ ಒಂದು ಹಲ್ಲು ಸಡಿಲಿಸುವ ಕೈ ಇದು, ಎಷ್ಟು ತಿರುವಿದರೆ ಎಷ್ಟು ಬಿಡುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ಕೈ. ಹನಿಗಳು ಒಂದಕ್ಕೊಂದು ಅಂಟಿಕೊಂಡು ಎಳೆಯಾದವು. ಎಣಿಸಲು ನೋಡಿದೆ, ಹತ್ತಾಗುವ ಮೊದಲೇ ತಪ್ಪಿತು. ಬೆಳಿಗ್ಗೆ ಬೇಗ ಬೇಗ ಬಿಟ್ಟ ಬಾಟಲಿಯಿಂದಲೇ ಅವರು ಕಣ್ಣು ಬಿಟ್ಟಿದ್ದನ್ನು ನೋಡಿದ್ದೆನಲ್ಲ... ಬೇಗ ಎಂಬುದು ಒಳ್ಳೆಯದೇ ಇರಬೇಕು ಎಂದುಕೊಂಡೆ. ಬೀದಿ ದೀಪ ಹತ್ತುವುದರೊಳಗೆ ಬಾಟಲಿ ಖಾಲಿ.

ಸಿಸ್ಟರ್ ಬಂದು ನೋಡಿ ಗಾಬರಿಯಾದರು. "ಇಷ್ಟ ಲಗೂನ ಹೆಂಗ ಮುಗೀತ್ರಿ? ಯಾರರ ಮುಟ್ಟಿದ್ರೇನು?"

"ಇಲ್ಲರಿ. ತಂತಾನ ಹೋತು."

ಅಕ್ಕೋರು ಆಗ ಎಚ್ಚರವಿದ್ದರೋ ಇಲ್ಲವೋ ಗೊತ್ತಿಲ್ಲ. ಎಚ್ಚರವಿದ್ದಿದ್ದರೆ ಹೇಳಿಬಿಡುತ್ತಿದ್ದರು, ಇಂವ ಮುಟ್ಟ್ಯಾನ್ರಿ, ನಾ ನೋಡೇನಿ ಎಂದು. ಹೇಳಲಿಲ್ಲ, ಆದ್ದರಿಂದ ನಿದ್ದೆಯಲ್ಲಿದ್ದರು. ಹೀಗೆ ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಡಾಕ್ಟರು ಬೇರೆ ಊರಿನಲ್ಲಿ ಪೇಶಂಟ್ ನೋಡಲು ಹೋಗಿದ್ದರು. ಸಿಸ್ಟರ್ ಫೋನು ಮಾಡಿದರು, ಬಾಟಲಿಯಿಂದ ಎಲ್ಲೋ ಸೋರಿರಬೇಕು ಎಂದು ಇಬ್ಬರೂ ಅಂದುಕೊಂಡರೆಂದು ಕಾಣುತ್ತದೆ. ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ. ನೂರ ಇಪ್ಪತ್ತೊಂದು. ಡಾಕ್ಟರ ಮುಖ ಬಿಳಿಚಿತು. ಏರಿದ್ದನ್ನು ಮತ್ತೆ ಇಳಿಸಬೇಕು ಎಂದು ಸಕ್ಕರೆ ನೀರು ಹಚ್ಚಿದರು, ಒಂದು ಇಂಜೆಕ್ಷನ್ ಕೊಟ್ಟರು. ಚಿಗವ್ವ ನನ್ನ ಕಿವಿಯಲ್ಲಿ, "ಇಂವಗ ತಲಿ ಐತೇನೋ? ಏರಸೂದು, ಇಳಸೂದು... ಅಕ್ಕ ಎಷ್ಟ ಛಲೋ ಆಗ್ಯಾಳ ನೋಡು" ಎಂದರು.

ಖರೆ, ಅಕ್ಕೋರು ಛಲೋ ಆಗಿದ್ದರು. ಅದನ್ನೇ ನನಗೆ ಇನ್ನೂ ತಡೆದುಕೊಳ್ಳಲಾಗುವುದಿಲ್ಲ. ಮೂರು ದಿನ. ತಿಂಗಳುಗಳಿಂದ ಮಂಕಾಗಿದ್ದವರು ಎದ್ದು ದಿಂಬಿಗೆ ಒರಗಿ ಕೂತರು. ನನ್ನನ್ನು ನನ್ನ ಹೆಸರಿನಿಂದಲೇ ಕರೆದರು. ಸಿಸ್ಟರಿಗೆ ಮಗ್ಗಿ ಕೇಳಿದರು, ಹದಿನೇಳರ ಮಗ್ಗಿಯಲ್ಲಿ ಆಕೆ ತಪ್ಪಿದಾಗ ಬಾಯಿಗೆ ಸೆರಗು ಹಿಡಿದು ನಕ್ಕರು. ಬೀಳಗಿಯಲ್ಲಿ ಮೊದಲ ನೌಕರಿ ಸಿಕ್ಕಾಗ ಬಾಡಿಗೆ ಕೋಣೆಯಲ್ಲಿ ಹಲ್ಲಿಗೆ ಹೆದರಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದನ್ನು ಹೇಳಿದರು. "ಯಾರಿಗೂ ಹೇಳಬ್ಯಾಡಲೇ ಮತ್ತ." ಈಗ ಹೇಳಿದ್ದೇನೆ. ಆ ಮೂರು ದಿನ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಡಾಕ್ಟರಿಗಿಂತ ನನ್ನ ಹೆಬ್ಬೆರಳಿಗೆ ಹೆಚ್ಚು ಗೊತ್ತಿತ್ತು ಎಂದು...

ನಾಲ್ಕನೆಯ ದಿನ ಮಾತು ತೊದಲಿತು. ಐದನೆಯ ದಿನ ಕುಡಿದ ನೀರು ಮೂಗಿನಿಂದ ಬಂತು. ಆಮೇಲೆ ಕೈ, ಆಮೇಲೆ ಕಾಲು, ಒಂದೊಂದೇ ಮರಗಟ್ಟಿದವು. ದೀಪಾವಳಿಯ ದಿನ, ಉಪ್ಪಿನ ನೇಮ ಮುಗಿಯುವ ದಿನ, ಅವರಿಗೆ ನುಂಗಲು ಬರುತ್ತಿರಲಿಲ್ಲ.

ಆಗ ನಾನು ಡಾಕ್ಟರಿಗೆ ಹೇಳಿದೆ. ಅವರ ಕೋಣೆಯಲ್ಲಿ, ನಿಂತುಕೊಂಡೇ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ವಿವರಿಸಿದರು. ಉಪ್ಪು ವಾರಗಟ್ಟಲೆ ನಿಧಾನವಾಗಿ ಇಳಿದರೆ ಮೆದುಳು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಒಮ್ಮೆಲೇ ಏರಿಸಿದರೆ ಅದಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ, ನರಗಳ ಮೇಲಿನ ಹೊದಿಕೆ ಕಳಚುತ್ತದೆ. ಅದು ಕಾಣುವುದು ಕೂಡಲೇ ಅಲ್ಲ, ನಾಲ್ಕಾರು ದಿನದ ಮೇಲೆ. ಮೊದಲು ಎಲ್ಲ ಸುಧಾರಿಸಿದ ಹಾಗೆ ಇರುತ್ತದೆ.

"ನಾನು ಅವತ್ತ ಖರೆ ಹೇಳಿದ್ರ..." ಎಂದೆ.

"ಅವತ್ತ ಸಂಜಿಗೇನ ಇಳಸಾಕ ಶುರು ಮಾಡತಿದ್ವಿ. ಉಳೀತಿದ್ರೋ ಇಲ್ಲೋ, ಯಾರೂ ಹೇಳಾಕ ಬರೂದಿಲ್ಲ. ಬಾಟಲಿ ಒಂದರಿಂದ ಅಷ್ಟು ಏರಂಗಿಲ್ಲ. ಗುಳಿಗಿ ನಿಲ್ಲಿಸಿದ ಮ್ಯಾಲ ಕಿಡ್ನಿ ತಾನ ನೀರು ಹೊರಗ ಹಾಕಾಕತ್ತಿತ್ತು, ಅದರಿಂದಾನೂ ಏರೈತಿ. ಎರಡೂ ಕೂಡ್ಯಾವ್ರಿ."

ಎರಡೂ ಕೂಡಿವೆ. ಎಷ್ಟಕ್ಕೆ ಎಷ್ಟು ಎಂದು ನಾನು ಕೇಳಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ನೂಲಿಗೆ ಹಚ್ಚುವ ಗಂಜಿ ನೆನಪಾಯಿತು. ಗಂಜಿ ಉದುರಿದ ಎಳೆ ನೋಡಲು ಹಾಗೇ ಇರುತ್ತದೆ, ಮಗ್ಗ ನಡೆದಾಗ ಒಂದೊಂದೇ ಕಡಿಯುತ್ತದೆ. ಹೋಲಿಕೆ ಸಿಕ್ಕಿತು ಎಂದು ಒಂದು ಕ್ಷಣ ಸಮಾಧಾನವೂ ಆಯಿತು. ಆ ಸಮಾಧಾನ ನೆನೆದರೆ ನನಗೆ ಹೇಸಿಕೆ. ಕಡಿದ ಎಳೆಯನ್ನು ನಾನು ಗಂಟು ಹಾಕಿ ಮತ್ತೆ ನೇಯುತ್ತೇನೆ. ಅಕ್ಕೋರಲ್ಲಿ ಗಂಟು ಹಾಕುವ ಜಾಗ ಯಾರಿಗೂ ಕಾಣಲಿಲ್ಲ.

ಅವರನ್ನು ಮನೆಗೆ ಕರೆತಂದೆವು. ಕೆಲವರು ಇದರಿಂದ ನಿಧಾನವಾಗಿ ಎದ್ದು ಓಡಾಡಿದ್ದೂ ಇದೆ ಎಂದು ಡಾಕ್ಟರು ಹೇಳಿದ್ದರು, ನಾವು ದಿನಾ ಕಾದೆವು. ಮೈಯಲ್ಲಿ ಕಣ್ಣೊಂದೇ ಚಲಿಸುತ್ತಿತ್ತು, ಅದೂ ಮೇಲಕ್ಕೆ ಕೆಳಕ್ಕೆ. ಒಳಗೆ ಎಲ್ಲ ತಿಳಿಯುತ್ತಿತ್ತು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ ಎಂದು ಚಿಗವ್ವ ಗೊತ್ತು ಮಾಡಿಕೊಂಡಿದ್ದರು. ಮೂಗಿನ ನಳಿಗೆಯಿಂದ ಗಂಜಿ, ನೀರು. ಲವಂಗ ಹಾಕಿ ಕಾಯಿಸಿ, ನನ್ನ ಬಟ್ಟೆಯಲ್ಲಿ ಸೋಸಿ, ಹೊತ್ತು ಮುಳುಗುವುದರೊಳಗೆ. ಒಂದು ಸಂಜೆ ತಡವಾಗಿ ಚಿಗವ್ವ ನೀರು ತಂದಾಗ ಅಕ್ಕೋರು ಕಣ್ಣು ಮುಚ್ಚಿ ತೆರೆಯಲೇ ಇಲ್ಲ. "ಇನ್ನೂ ಮಾಸ್ತರಕಿ ಬಿಟ್ಟಿಲ್ಲ ನೋಡು ನಮ್ಮಕ್ಕ" ಎಂದು ಚಿಗವ್ವ ನಗಲು ಹೋಗಿ, ನೀರಿನ ತಂಬಿಗೆಯನ್ನು ಅಲ್ಲೇ ನೆಲದ ಮೇಲೆ ಇಟ್ಟು ಹಿತ್ತಲಿಗೆ ನಡೆದರು.

ಹೋಗಿ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಒಂದು ಮಧ್ಯಾಹ್ನ, ಚಿಗವ್ವ ಬಸದಿಗೆ ಹೋದ ಹೊತ್ತು ನೋಡಿ ಹೋದೆ. ಮಂಚದ ಬದಿಗೆ ಕೂತೆ. ಬರುವಾಗ ಕ್ಷಮೆ ಕೇಳಬೇಕು ಎಂದುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಅಕ್ಕೋರ, ಅವತ್ತ ಗಾಲಿ ತಿರುವಿದಾಂವ ನಾನರಿ. ನೀವ ಹೇಳಿದ್ರಲ್ಲರಿ, ಹೊತ್ತ ಮುಳಗೂದರೊಳಗ ಮುಗಸಂತ... ಹೇಳಿದ್ರಿ ಹೌದಲ್ರಿ?"

ಅವರು ನನ್ನನ್ನು ನೋಡಿದರು. ಲೆಕ್ಕ ಬಿಡಿಸಲು ಕರೆದು ನಿಲ್ಲಿಸಿದಾಗ ನೋಡುತ್ತಿದ್ದ ಹಾಗೆ, ಅವಸರವಿಲ್ಲದೆ. ಆಮೇಲೆ ಕಣ್ಣು ನಿಧಾನವಾಗಿ ಮೇಲೆ ಹೋಯಿತು.

ಹೌದು.

ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಚಿಗವ್ವ ತೇರದಾಳಕ್ಕೆ ಹೋಗುವಾಗ, "ನಿನ್ನ ಮಗ್ಗದ್ದು, ನಿನ್ನ ಕಡೆನ ಇರಲಿ" ಎಂದು ಈ ಬಟ್ಟೆ ಕೊಟ್ಟರು. ಅವರಿಗೆ ನಾನು ಇಂದಿಗೂ ಹೇಳಿಲ್ಲ. ಆ ಹೌದನ್ನು ಹಿಡಿದುಕೊಂಡು ಇಷ್ಟು ವರ್ಷ ನಡೆದೆ. ತಪ್ಪು ನನ್ನದು, ಆದರೆ ನನ್ನೊಬ್ಬನದಲ್ಲ. ಅವರು ಹೇಳಿದ್ದರು, ನಾನು ಕೇಳಿದೆ. ಸಾಲೆಯಿಂದಲೂ ಅವರು ಹೇಳಿದ್ದನ್ನು ಮಾಡಿದವನು ನಾನು.

ಕಳೆದ ತಿಂಗಳು ಹೆಂಡತಿಯ ರಕ್ತ ಪರೀಕ್ಷೆಗೆಂದು ಅದೇ ದವಾಖಾನೆಗೆ ಹೋಗಿದ್ದೆವು. ಅವಳನ್ನು ಕೂರಿಸಿ ನಾನು ಆ ಕೋಣೆಗೆ ಹೋದೆ. ಖಾಲಿ ಇತ್ತು. ಮಂಚ ಅದೇ ಜಾಗದಲ್ಲಿ. ಕಿಟಕಿ ಉತ್ತರಕ್ಕಿದೆ. ಹೊರಗೆ ಒಂದು ಮಾರು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಆ ಗೋಡೆ ಹಳೆಯದು, ಪಾಚಿ ಹಿಡಿದಿದೆ, ಈಚೆಗೆ ಎದ್ದದ್ದಲ್ಲ. ಆ ಕೋಣೆಯೊಳಗೆ ಕೆಂಪು ಬಿಸಿಲು ಎಂದೂ ಬಿದ್ದಿರಲಾರದು.

ಹಾಗಾದರೆ ಹೊತ್ತು ಮುಳುಗುವುದನ್ನು ನೋಡಿದವರು ಯಾರು? ಅರ್ಧ ಎಚ್ಚರದಲ್ಲಿ ಮಲಗಿದ್ದ ಅವರು ನೋಡಿರುವುದು ಸಾಧ್ಯವಿಲ್ಲ. ಕೈಗಡಿಯಾರ ಕಟ್ಟಿದ್ದವನು ನಾನು. ನಾನೇ ಹೇಳಿದೆನೇ? ಅಥವಾ ಯಾರೂ ಏನೂ ಹೇಳದೆ, ಅವರ ನೇಮ ನೆನಪಾಗಿ, ಅವರಿಗೆ ಒಳ್ಳೆಯದು ಮಾಡುತ್ತೇನೆಂದು ನಾನೇ ಎದ್ದು ಗಾಲಿ ತಿರುವಿದೆನೇ? ಆ ಮಾತು, ಆ ದಪ್ಪ ನಾಲಿಗೆ, ತಮ್ಮಾ ಎಂದದ್ದು... ಅದನ್ನು ಆಮೇಲೆ ನಾನೇ ಅವರ ಬಾಯಲ್ಲಿ ಇಟ್ಟೆನೇ, ಅವರ ಬಾಯಿ ಶಾಶ್ವತವಾಗಿ ಮುಚ್ಚಿದ ಮೇಲೆ?

ಹಾಗಿದ್ದರೆ ಕಣ್ಣು ಮೇಲೆತ್ತಿದ್ದು ಏನು?

ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಆ ಮಧ್ಯಾಹ್ನವೂ ಯಾರೂ ಕೇಳಲಿಲ್ಲ, ನಾನೊಬ್ಬ ನೋಡಿದೆ. ಮಂಚದ ಬದಿಗೆ ಕೂತು, ಬಾಯಿ ಇಲ್ಲದವರ ಮುಂದೆ ನನ್ನ ತಪ್ಪಿನಲ್ಲಿ ಅರ್ಧ ಹೊತ್ತುಕೊಳ್ಳಿ ಎಂದು ಬೇಡುತ್ತಿದ್ದ ನನ್ನ ಪಕ್ಕದಲ್ಲಿ, ಅಂದು ಸಾಲೆಯ ಬಿಸಿಲಲ್ಲಿ ಬಂದ ಹಾಗೆ, ಒಂದು ನೆರಳು ಬಂದು ನಿಂತಿತೇ... ಗೊತ್ತಿಲ್ಲ. ಇನ್ನು ಕೇಳಲು ಯಾರೂ ಇಲ್ಲ.

ಮೊನ್ನೆ ಆ ಬಟ್ಟೆ ಹಿಡಿದು ಒಲೆಯ ಹತ್ತಿರ ಹೋದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಮುಖದ ಹತ್ತಿರ ಹಿಡಿದು, "ಮೂಸಿ ನೋಡು, ಲವಂಗದ ವಾಸನಿ ಐತಿಲ್ಲೋ" ಎಂದೆ. ಹಿಟ್ಟಿನ ಕೈ ದೂರ ಹಿಡಿದು ಅವಳು ಮೂಸಿದಳು. ನನ್ನ ಮುಖ ನೋಡಿದಳು. ಇನ್ನೊಮ್ಮೆ, ಈ ಸಲ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಮೂಸಿದಳು.

"ಐತಿ ಬಿಡ್ರಿ" ಎಂದಳು, ತಿರುಗಿ ರೊಟ್ಟಿ ಬಡಿಯತೊಡಗಿದಳು.